ಗಲ್ಲದ ಗುಳಿಗಿ

ಎಂಬತ್ತರ ದಶಕದಲ್ಲಿ ನಾನು ಗದಗಿನ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಅಫೀಮಿನ ಚಟ ಬಿಡಿಸಲು ಡಾಕ್ಟರು ಅಫೀಮಿನದೇ ಗುಳಿಗೆಯನ್ನು ವಾರವಾರಕ್ಕೂ ಕಡಿಮೆ ಮಾಡುತ್ತ ಕೊಡುತ್ತಿದ್ದರು. ಅದನ್ನು ನನ್ನೆದುರೇ ನುಂಗಬೇಕು. ಗಲ್ಲದಲ್ಲಿ ಅಡಗಿಸಿ ಹೊರಗೆ ಮಾರಿದವರಿಗೆ ಅವತ್ತಿನಿಂದಲೇ ಬಂದ್. ನನಗಂತೂ ಯಾರ ಗಲ್ಲದ ಮೇಲೂ ನಂಬಿಕೆ ಇರಲಿಲ್ಲ. ನುಂಗಿದ ಮೇಲೆ ಏನಾದರೊಂದು ಕೇಳಿ ಮಾತಾಡಿಸುತ್ತಿದ್ದೆ.

ಹೊಟ್ಟೆನೋವಿಗೆಂದು ಅಫೀಮು ತಿನ್ನಲು ಹಿಡಿದು ಬಿಡಲಾಗದೆ ಹರ್ತಿಯಿಂದ ಬಂದ ಹೆಂಗಸೊಬ್ಬಳು ಗುಳಿಗೆ ಹಾಕಿಕೊಂಡು ನೀರು ಕುಡಿದಳು.

"ಯಕ್ಕಾ, ನಿಮ್ಮ ಮನಿಯವರ ಹೆಸರೇನ್ರಿ?" ಎಂದೆ.

ಆಕೆ ತುಟಿ ಬಿಗಿದಳು. ಮತ್ತೆ ಕೇಳಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಿಕ್ಕಳು ಅಂದುಕೊಂಡೆ.

"ಬಾಯಾಗ ಏನೋ ಐತಿ, ತೆಗೀರಿ. ಇಲ್ಲಾಂದ್ರ ನಾಳಿಂದ ಗುಳಿಗಿ ಸಿಗಂಗಿಲ್ಲ."

ಆಕೆ ಸಿಟ್ಟಿನಿಂದ ಸೆರಗು ಸರಿಸಿದಳು. "ಗುಳಿಗಿ ಆಗ್ಲೇ ನುಂಗೀನ್ರಿ. ಬಾಯಾಗಿರೋದು ನಮ್ಮನಿಯವರ ಹೆಸರು. ಅದನ್ನ ಹೆಂಗ ಹೊರಗ ತೆಗೀಲಿ?"

ಮರುದಿನದಿಂದ ಊರಿನ ಹೆಸರು ಕೇಳತೊಡಗಿದೆ. ಬಾಯಿ ತುಂಬ ಹೇಳುತ್ತಿದ್ದಳು. ಬಾಯಿ ತುಂಬಿದೆ ಅಂದರೆ ನನಗೆ ಮತ್ತೆ ಅನುಮಾನ.