ಅಪ್ಪನ ಭುಜ ಮತ್ತು ನನ್ನ ಮದುವೆ

ಗೆಳೆಯರೇ, ನನಗಂತೂ ಏನೂ ಅರ್ಥವಾಗುತ್ತಿಲ್ಲ. ಹರ್‌ಪ್ರೀತ್‌ನನ್ನು ಮದುವೆಯಾಗುತ್ತೇನೆ ಎಂದಾಗಲೆಲ್ಲ, ಸೈನ್ಯದಿಂದ ನಿವೃತ್ತರಾದ ನನ್ನಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು "ಆಗಲ್ಲ" ಎನ್ನುತ್ತಿದ್ದರು. ಇವತ್ತು ಬೆಳಿಗ್ಗೆ ನಮ್ಮ ಘಾಜಿಯಾಬಾದ್ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಬಿಗಿದುಕೊಂಡ ಭುಜ ಸಡಿಲವಾಗಲೆಂದು ಕೈಯನ್ನು ಗುಂಡಗೆ ತಿರುಗಿಸುತ್ತಿದ್ದರು. ಧೈರ್ಯ ಮಾಡಿ ಮತ್ತೆ ಕೇಳಿದೆ.

"ಹುಡುಗ ಒಳ್ಳೆಯವನೇ ಅಲ್ವಾ? ಭಾನುವಾರ ಊಟಕ್ಕೆ ಬರ್ಲಿ," ಎಂದರು, ಕೈ ತಿರುಗಿಸುತ್ತಲೇ.

ಒಳಗೆ ಓಡಿ ಹರ್‌ಪ್ರೀತ್‌ಗೆ ಫೋನ್ ಮಾಡಿದೆ. ಮರಳಿ ಬರುವಷ್ಟರಲ್ಲಿ ಅಪ್ಪ ವ್ಯಾಯಾಮ ಮುಗಿಸಿ ಕುರ್ಚಿಯಲ್ಲಿ ಕೂತಿದ್ದರು. ಭಾನುವಾರ ಅವನು ಊಟಕ್ಕೆ ಬರ್ತಾನಂತೆ ಎಂದೆ.

"ಊಟಕ್ಕಾ? ನಾನ್ಯಾವಾಗ ಹೇಳ್ದೆ?"

ಅಮ್ಮನನ್ನು ಕೇಳಿದರೆ, "ಕೈ ಆಡಿಸುವಾಗ ಅವರ ತಲೆನೂ ಸಡಿಲ ಆಗತ್ತೆ ಕಣೇ. ನಾನು ಹೊಸ ಪರದೆಗೆ ಒಪ್ಪಿಸಿದ್ದೂ ಹಾಗೇ," ಎಂದು ಪಿಸುಗುಟ್ಟಿದಳು.

ಅತ್ತ ಹರ್‌ಪ್ರೀತ್‌ನ ತಾಯಿ ಆಗಲೇ ಲಡ್ಡು ಕಟ್ಟಲು ಕೂತಿದ್ದಾರಂತೆ. ಒಪ್ಪಿದ ಅಪ್ಪ ಯಾರು, ಒಪ್ಪದ ಅಪ್ಪ ಯಾರು ಎಂದು ಅವರಿಗೆ ಹೇಗೆ ಹೇಳಲಿ?