ಇರಬೇಕಾದ ಉಸಿರು

ಸತ್ತವರು ಗುರುತು ಬಿಟ್ಟು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಮ್ಮ ಮಟ್ಟಿಗೆ ಕೊನೆಯ ಮಾಮೂಲಿ ದಿನವೆಂದರೆ ಆ ಮಂಗಳವಾರ. ಗುಬ್ಬಿಯ ಮನೆಯಲ್ಲಿ ಬೆಳಿಗ್ಗೆ, ಕಫ ಸಡಿಲವಾಗಲೆಂದು ತಮ್ಮ ಮಹೇಶನ ಬೆನ್ನು ತಟ್ಟಿದೆ. ಆಮೇಲೆ ಅವನು ಉಸಿರು ಅಳೆಯುವ ಪುಟ್ಟ ಯಂತ್ರಕ್ಕೆ ಊದಿದ. ಅದರಲ್ಲಿ ಎರಡು ಅಂಕಿ ಕಾಣುತ್ತವೆ. ಅವನ ವಯಸ್ಸಿಗೆ, ಎತ್ತರಕ್ಕೆ ಇರಬೇಕಾದದ್ದು 3.62 ಲೀಟರ್. ಇದ್ದದ್ದು 0.81.

"ಅಕ್ಕ, ಮಿಕ್ಕಿದ್ದನ್ನೆಲ್ಲ ನೀನೇ ಉಸಿರಾಡ್ತಿದೀಯ ಕಣೇ, ವಾಪಸ್ ಕೊಡು," ಎಂದು ನಕ್ಕು ಎರಡು ಇಡ್ಲಿ ತಿಂದ.

ಮರುದಿನ ಬೆಂಗಳೂರಿನ ಆಸ್ಪತ್ರೆಯಿಂದ ಫೋನ್ ಬಂತು. ಶ್ವಾಸಕೋಶ ಕಸಿಯ ಪಟ್ಟಿಗೆ ಸಮಿತಿ ಅವನನ್ನು ಸೇರಿಸುವುದಿಲ್ಲವಂತೆ. ಅವನಿಗಿದ್ದದ್ದು ಸಿಸ್ಟಿಕ್ ಫೈಬ್ರೋಸಿಸ್, ಹುಟ್ಟಿನಿಂದಲೇ ಎದೆಯಲ್ಲಿ ಕಫ ಅಂಟಾಗಿ ನಿಲ್ಲುವ ಕಾಯಿಲೆ. ಆ ಕಫದಲ್ಲಿ ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಹೊಸ ಶ್ವಾಸಕೋಶವನ್ನು ಮೈ ಒಪ್ಪಬೇಕಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ಆಗ ಮೂಗು, ಗಂಟಲಲ್ಲಿ ಉಳಿದ ಬ್ಯಾಕ್ಟೀರಿಯಾ ಹೊಸದನ್ನೂ ತಿಂದುಹಾಕುತ್ತದಂತೆ.

ಕಾರಣ ಸರಿಯೇ ಇರಬಹುದು. ಆದರೆ ಚಿಕ್ಕಂದಿನಲ್ಲಿ ಎರಡು ವರ್ಷ ಟಿ.ಬಿ. ಎಂದು ಮಾತ್ರೆ ನುಂಗಿಸಿದರಲ್ಲ, ಬೆವರಿನ ಉಪ್ಪು ಅಳೆದರೆ ಈ ಕಾಯಿಲೆ ಗೊತ್ತಾಗುತ್ತದೆ, ಬೆವರು ಪರೀಕ್ಷೆ ಮಾಡಿಸಿ ಎಂದು ಒಬ್ಬರೂ ಹೇಳಲಿಲ್ಲವಲ್ಲ. ಮಗುವಿಗೆ ಮುತ್ತು ಕೊಟ್ಟರೆ ಬಾಯೆಲ್ಲ ಉಪ್ಪಾಗುತ್ತದೆ ಎಂದು ಅಮ್ಮ ಹೇಳಿದಾಗ ತುಮಕೂರಿನ ಒಬ್ಬ ಡಾಕ್ಟರು ನಕ್ಕರಂತೆ. ಆ ನಗುವನ್ನು ನಾನು ಕ್ಷಮಿಸಿಲ್ಲ.

ಒಂದೇ ತಿಂಗಳಲ್ಲಿ ಮಹೇಶ ಹೋದ. ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀ ನನ್ನ ಸೊಂಟದಲ್ಲೇ ಇತ್ತು.

ಹನ್ನೊಂದನೇ ದಿನದ ತಿಥಿ ಊಟ ಮುಗಿದ ಮೇಲೆ, ಬಾಡಿಗೆಗೆ ಕೊಟ್ಟಿದ್ದ ಕಂಪನಿಗೆ ವಾಪಸ್ ಕಳಿಸೋಣವೆಂದು ಯಂತ್ರವನ್ನು ಹೊರಗೆ ತೆಗೆದೆ. ಅದರಲ್ಲಿ ಹೊಸ ದಾಖಲೆಯೊಂದಿತ್ತು. ಅವತ್ತಿನದೇ, ನಾವು ಅಂಗಳದಲ್ಲಿ ಎಲೆ ಹಾಕಿ ಬಡಿಸುತ್ತಿದ್ದ ಹೊತ್ತಿನದು. ಇರಬೇಕಾದದ್ದು 3.62. ಇರುವುದು 3.62.

ಸಿಟ್ಟು ನೆತ್ತಿಗೇರಿತು. ಯಾರೋ ಕೀ ಎಗರಿಸಿ ತಮಾಷೆ ಮಾಡಿದ್ದಾರೆ ಎಂದುಕೊಂಡು, ಅಷ್ಟು ಊದಬಲ್ಲವರು ಯಾರೆಂದು ನೋಡಲು ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಾಯಿಗಿಡುವ ಕೊಳವೆ ಬದಲಿಸುತ್ತ ಒಬ್ಬೊಬ್ಬರಿಂದ ಊದಿಸಿದೆ. ಕುಣಿಗಲ್‌ನಿಂದ ಬಂದಿದ್ದ ದೊಡ್ಡಪ್ಪ, "ಏನವ್ವಾ, ತಿಥಿ ಊಟಕ್ ಬಂದೋರ್ನ, ಕುಡ್ದವ್ರಾ ಅಂತ ಪೊಲೀಸ್ನೋರಂಗೆ ಊದುಸ್ತೀಯಲ್ಲ," ಎಂದು ಗೊಣಗಿಯೂ ಊದಿದರು. ಅವರದು 1.9. ವಾಲಿಬಾಲ್ ಆಡುವ ಅವರ ಮಗನದೂ 3.3 ದಾಟಲಿಲ್ಲ.

ಅಮ್ಮ ಮಾತ್ರ ಸಾಲಿಗೆ ಬರಲಿಲ್ಲ. "ಬುಡು ಮಗ. ಅವ್ನು ಒಂದ್ಸಲ ಪೂರ್ತಿ ಉಸ್ರು ತಗಂಡವ್ನೆ, ಅಷ್ಟೇ," ಎಂದಳು. ನಾನು ಅವಳ ಮೇಲೂ ರೇಗಿದೆ. ಬದುಕಿದ್ದಾಗ ಸಿಗದ ಉಸಿರು ಈಗ ಯಾರಿಗೆ ಬೇಕು ಎಂದು ಅಷ್ಟು ಜನರ ಎದುರೇ ಕೇಳಿದೆ.

ಕಂಪನಿಯವರು ಯಂತ್ರ ನೋಡಿ, ಅದು ಸರಿಯಾಗಿದೆ, ಯಾರೂ ಊದದೆ ಅಂಕಿ ಬರುವುದಿಲ್ಲ ಎಂದರು. ಅದನ್ನು ಅವರಿಗೆ ಕೊಡದೆ ಮನೆಗೆ ತಂದೆ. ಆ ಅಂಕಿ ಇನ್ನೂ ಅದರಲ್ಲಿದೆ. ಊದಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.