ಕೀಬೋರ್ಡಿನೊಳಗೆ ಮಾವನ ವಾಲಗ

ತೊಂಬತ್ತರ ದಶಕದಲ್ಲಿ ಚಾಮರಾಜನಗರದ ಒಂದು ಆರ್ಕೆಸ್ಟ್ರಾದಲ್ಲಿ ನಾನು ಕೀಬೋರ್ಡ್ ನುಡಿಸುತ್ತಿದ್ದೆ. ನುಡಿಸುತ್ತಿದ್ದೆ ಅನ್ನೋದು ನನ್ನ ಮಾತು, ತಂಡದವರು ಕುಟ್ಟುತ್ತಾನೆ ಅನ್ನುತ್ತಿದ್ದರು. ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟ ಸ್ಯಾಂಪ್ಲರ್ ಕೀಬೋರ್ಡೊಂದನ್ನು ತಂದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಮೈಕಿನ ಮುಂದೆ ಮಾಡಿದ ಸದ್ದನ್ನು ಅದು ನುಂಗಿಕೊಂಡು, ಕೀ ಒತ್ತಿದಾಗ ಬೇಕಾದ ಸ್ವರದಲ್ಲಿ ವಾಪಸ್ ಕೊಡುತ್ತಿತ್ತು. ಮನೆಯ ಕುಕ್ಕರ್ ಸೀಟಿಯಲ್ಲೇ ಸರಿಗಮ ನುಡಿಸಿ ಹೆಂಡತಿಯಿಂದ ಉಗಿಸಿಕೊಂಡೆ.

ಗುಂಡ್ಲುಪೇಟೆಯಲ್ಲಿದ್ದ ನನ್ನ ಸೋದರಮಾವ ವಾಲಗದವರು. ಸುತ್ತಮುತ್ತ ಅವರ ನಾದಸ್ವರ ಇಲ್ಲದೆ ತಾಳಿ ಕಟ್ಟಿದ ಮನೆಗಳು ಕಡಿಮೆ. ಆ ವರ್ಷ ಅವರಿಗೆ ಉಬ್ಬಸ ಜೋರಾಗಿ, ಡಾಕ್ಟರು ಇನ್ನು ಊದಲೇಬೇಡಿ ಅಂದುಬಿಟ್ಟರು. ಅದೇ ಹೊತ್ತಿಗೆ ಮೊಮ್ಮಗಳ ಮದುವೆ ಗೊತ್ತಾಯಿತು. ಅವಳ ತಾಳಿಗೆ ತಾನೇ ಊದಬೇಕು ಅನ್ನೋದೊಂದೇ ಮಾವನ ಆಸೆ. ಬೇರೆ ವಾಲಗದವರನ್ನು ಕರೆಸೋಣ ಅಂದಿದ್ದಕ್ಕೆ ಊಟ ಬಿಟ್ಟು ಕೂತರಂತೆ. ಸುದ್ದಿ ಕೇಳಿದ್ದೇ ತಡ, ನನ್ನ ದೊಡ್ಡಸ್ತಿಕೆ ತಡೆಯಲಿಲ್ಲ. ಮಾವ ಒಂದೊಂದು ಸ್ವರಕ್ಕೆ ಒಂದೊಂದು ಉಸಿರು ಕೊಟ್ಟರೆ ಸಾಕು, ಮಿಕ್ಕಿದ್ದನ್ನು ನನ್ನ ಯಂತ್ರ ನೋಡಿಕೊಳ್ಳುತ್ತೆ ಅಂತ ಹೇಳಿ ಕಳಿಸಿದೆ.

ಕೀಬೋರ್ಡನ್ನು ಜಮಖಾನದಲ್ಲಿ ಸುತ್ತಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಕಂಡಕ್ಟರು ಇದೇನು ಬಾಗಿಲೋ ಕಿಟಕಿಯೋ ಅಂತ ಕೇಳಿ ಲಗೇಜ್ ಟಿಕೆಟ್ ಹರಿದರು.

ಅವರ ಮನೆಯಲ್ಲಿ ಮೈಕ್ ಇಟ್ಟು ಹಿಡಿದ ಮಾವನ ಒಂದೇ ‘ಸ’ವನ್ನು ಎಲ್ಲ ಕೀಗಳಿಗೂ ಹಂಚಿದರೆ ಎಡಗಡೆ ಎಮ್ಮೆ ಕೂಗುತ್ತಿತ್ತು, ಬಲಗಡೆ ಮಕ್ಕಳ ಪೀಪಿ. ಹಾಗಾಗಿ ಅಕ್ಕಪಕ್ಕದ ಎರಡು ಮೂರು ಕೀಗಳಿಗೆ ಒಂದರಂತೆ ಬೇರೆ ಬೇರೆ ಸ್ವರ ಹಿಡಿಯಬೇಕಿತ್ತು. ಅದರಲ್ಲೂ ಮೆಲ್ಲಗೆ ಒಂದು, ಗಟ್ಟಿಯಾಗಿ ಒಂದು. ಕೀ ಮೃದುವಾಗಿ ಒತ್ತಿದರೆ ಮೆಲ್ಲನೆಯದು, ಕುಟ್ಟಿದರೆ ಗಟ್ಟಿಯದು ಬರಬೇಕು. ಮಾವನಿಗೋ ಸ್ವರವನ್ನು ಬೋಳಾಗಿ ಊದಿ ಗೊತ್ತೇ ಇಲ್ಲ. ‘ಪ’ ಕೇಳಿದರೆ ಅದು ನೆಂಟರ ಮನೆಗೆಲ್ಲ ಹೋಗಿ ಬರುತ್ತಿತ್ತು. ಮುಹೂರ್ತದ ರಾಗದಲ್ಲಿಲ್ಲದ ಸ್ವರ ಕೇಳಿದರೆ, ಮದುವೆಮನೆಗೆ ಬೇಡದ್ದು ನಿಂಗ್ಯಾಕ್ಲಾ ಅಂತ ಗದರಿದರು. ತಾಳಿ ಕಟ್ಟುವಾಗ ಸೀನು, ಕೆಮ್ಮು, ಅಪಶಬ್ದ ಯಾವುದೂ ಕಿವಿಗೆ ಬೀಳಬಾರದು, ಅದಕ್ಕೇ ಕಣ್ಲಾ ಗಟ್ಟಿಮೇಳ ಊದೋದು ಅಂತ ಪಾಠವನ್ನೂ ಹೇಳಿದರು. ನಡುನಡುವೆ ಏದುಸಿರು ಬಿಡುತ್ತಾ, ಕೆಮ್ಮುತ್ತಾ, ಸಂಜೆಯೊಳಗೆ ನಾನು ಕೇಳಿದ್ದೆಲ್ಲ ಕೊಟ್ಟರು.

ಚಾಮರಾಜನಗರಕ್ಕೆ ವಾಪಸ್ ಬಂದು ತುಂಡು ತುಂಡು ಮಾಡಿ ಎಲ್ಲವನ್ನೂ ಕೀಗಳ ಮೇಲೆ ಕೂರಿಸಿದೆ. ಕೀ ಒತ್ತಿಹಿಡಿದಷ್ಟು ಹೊತ್ತೂ ಸ್ವರ ಮುಗಿಯದ ಹಾಗೆ ಜೋಡಿಸಿದೆ. ನುಡಿಸಿಯೂ ನೋಡಿದೆ, ಮೆಲ್ಲಗೆ. ಹಳೇ ಯಂತ್ರ, ನೊಂದೀತು ಅಂತ ಕೂಸಿನ ಕೆನ್ನೆ ಮುಟ್ಟಿದ ಹಾಗೆ ಒಂದೊಂದೇ ಕೀ ಮುಟ್ಟಿದ್ದೆ. ಗಟ್ಟಿ ಸ್ವರಗಳನ್ನು ಒಂದು ಸಲವೂ ಕೇಳಿ ನೋಡಲಿಲ್ಲ, ಜಾಣ!

ಮದುವೆಯ ದಿನ ಗುಂಡ್ಲುಪೇಟೆಯ ಛತ್ರದಲ್ಲಿ ವಾಲಗದವರ ಜಾಗದಲ್ಲಿ ನಾನು, ಪಕ್ಕದಲ್ಲಿ ಡೋಲಿನವರು. ಗೌರಿಪೂಜೆಗೆ ಮೆಲ್ಲಗೆ ನುಡಿಸಿದೆ. ಥೇಟ್ ನಿಮ್ಮ ಮಾವನೇ ಅಂದರು ಜನ. ನಾನು ಉಬ್ಬಿ ಹೋದೆ. ಹೆಣ್ಣನ್ನು ಮಂಟಪಕ್ಕೆ ಕರೆತರುವಾಗ ಉಬ್ಬಿದ್ದೇ ಜಾಸ್ತಿಯಾಗಿ ‘ಪ’ವನ್ನು ಕುಟ್ಟಿದೆ. ಸ್ಪೀಕರಿನಲ್ಲಿ ಮಾವ ಕೆಮ್ಮಿದರು. ಕತ್ತರಿಸುವಾಗ ಗಟ್ಟಿ ‘ಪ’ದ ಜಾಗದಲ್ಲಿ ಕೆಮ್ಮಿನ ತುಂಡನ್ನು ಕೂರಿಸಿಬಿಟ್ಟಿದ್ದೆ. ಬೆರಳು ತಪ್ಪಿತೇನೋ ಅಂತ ಎಡಗಡೆಯ ಕೀ ಕುಟ್ಟಿದೆ, ಇನ್ನೂ ದಪ್ಪಗೆ ಕೆಮ್ಮಿತು. ಬಲಗಡೆಯದು ಹುಡುಗನ ಗಂಟಲಲ್ಲಿ ಕೆಮ್ಮಿತು. ಛತ್ರವೇ ನಕ್ಕಿತು. ಗಂಡಿನ ಕಡೆಯ ಹಿರಿಯರೊಬ್ಬರು ಮಾತ್ರ ನಗಲಿಲ್ಲ, ಆ ಡಬ್ಬ ಎತ್ತಿ ಆಚೆಗಿಡಿ ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಾವ ತಲೆ ತಗ್ಗಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪುರೋಹಿತರು ತಾಳಿ ಎತ್ತಿ ಕೊಟ್ಟು, ನಮ್ಮ ಕಡೆ ಕೈಯಾಡಿಸಿ ಗಟ್ಟಿಮೇಳ ಅಂದರು. ಡೋಲು ಶುರುವಾಯಿತು. ನನ್ನ ಕೈ ಏಳಲಿಲ್ಲ. ಅಷ್ಟರಲ್ಲಿ ಮಾವ ಎದ್ದು ಬಂದು ನನ್ನ ಕೈ ಸರಿಸಿದರು.

“‘ಸ’ ಎಲ್ಲಯ್ತ್ಲಾ?”

ತೋರಿಸಿದೆ. ಗಟ್ಟಿಮೇಳ ಅಲ್ವಾ, ಜೋರಾಗಿ ಒತ್ತಿ ಮಾವ ಅಂದೆ. ಅದರಡಿ ಸ್ವರ ಕೂತಿದೆಯೋ ಕೆಮ್ಮು ಕೂತಿದೆಯೋ ನನಗೇ ಗೊತ್ತಿರಲಿಲ್ಲ. ಮಾವ ಕೆನ್ನೆ ಉಬ್ಬಿಸಿ ಒತ್ತಿದರು. ಛತ್ರ ತುಂಬ ಅವರ ಗಟ್ಟಿ ‘ಸ’ ಎದ್ದು ನಿಂತಿತು. ಮಂಟಪದಲ್ಲಿ ಮೊಮ್ಮಗಳು ತಾಳಿ ಮರೆತು ಈ ಕಡೆ ತಿರುಗಿದಳು. ಮಾವ ಬೆರಳು ಎತ್ತಲಿಲ್ಲ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಆಮೇಲೆ ಹೊಳೆಯಿತು ನನಗೆ, ಅವರು ಉಸಿರಾಡುತ್ತಲೇ ಇಲ್ಲ. ಕಿವಿಯ ಹತ್ತಿರ ಬಾಗಿ, “ಉಸಿರು ಬುಡಿ ಮಾವ, ಅದು ತಾನೇ ಊದ್ತದೆ” ಅಂದೆ. ಬೇಡ ಅಂತ ತಲೆಯಾಡಿಸಿದರು. ಎದೆಯಲ್ಲಿದ್ದ ಉಸಿರು ಮುಗಿದ ಮೇಲೇ ಬೆರಳು ಎತ್ತಿದರು, ಮತ್ತೆ ಉಸಿರೆಳೆದುಕೊಂಡು ಮತ್ತೆ ಒತ್ತಿದರು. ಮೂರನೇ ಗಂಟು ಬೀಳುವವರೆಗೂ ಹಾಗೇ ಮಾಡಿದರು.

ಆಮೇಲೆ ನನ್ನ ಭುಜ ಹಿಡಿದು ನಿಂತು, ಬೆವರು ಒರೆಸಿಕೊಳ್ಳುತ್ತಾ, “ಊದ್ಬುಟ್ಟೆ ಕಣ್ಲಾ” ಅಂದರು.